ಭಟ್ಟಿಯ ತಗ್ಗು

ಹೊಳೆಯ ಈ ದಡದಲ್ಲಿ ಸಾತವ್ವನ ಆಶ್ರಮ. ಆ ದಡದಲ್ಲಿ ಸುಣ್ಣದ ಭಟ್ಟಿ.

ಆಶ್ರಮ ಎಂದರೆ ಎರಡು ಗುಡಿಸಲು, ಒಂದು ಕುಲುಮೆ, ಒಂದು ಪಪ್ಪಾಯಿ ಗಿಡ. ದೇವರ ಕೋಣೆ ಇರಲಿಲ್ಲ. ಯಾಕೆ ಎಂದು ಕೇಳಿದವರಿಗೆ ಸಾತವ್ವ, "ಕಸ ಹೊಡಿಯೂದು ಒಂದು ಕೋಣಿ ಕಡಿಮಿ ಆತು" ಅನ್ನುತ್ತಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ಅವಳ ಶಿಷ್ಯ ಹುಲಿಗೆಪ್ಪ ಆ ದಡದಿಂದ ಬಂದ. ತಲೆ ಬೋಳಿಸಿಕೊಂಡಿದ್ದ. ಅಣ್ಣ ದುರುಗಪ್ಪನ ಮಣ್ಣು ಮುಗಿಸಿ ಬಂದಿದ್ದ.

ದುರುಗಪ್ಪ ಭಟ್ಟಿಯ ಬೆಂಕಿ ಕಾಯುವ ಆಳು. ಭಟ್ಟಿಯ ಬುಡದಲ್ಲಿ ಆಳವಾದ ಒಂದು ತಗ್ಗು ಇದೆ. ತಗ್ಗಿಗೆ ಇಳಿಯುವ ಮೆಟ್ಟಿಲು ಚಳಿಯಲ್ಲೂ ಬೆಚ್ಚಗಿರುತ್ತದೆ. ಅಲ್ಲಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಮೈಮೇಲೆ ಗಾಯವಿಲ್ಲ. ಹಾವು ಕಚ್ಚಿದ ಗುರುತಿಲ್ಲ. ಹೊದ್ದ ಕಂಬಳಿ ಹೊದ್ದ ಹಾಗೇ ಇತ್ತು.

"ಭಟ್ಟಿಯವ್ವ ತಗೊಂಡ್ಲು," ಎಂದ ಹುಲಿಗೆಪ್ಪ.

"ಯಾರು ಹೇಳಿದ್ರು?"

"ಎಲ್ಲಾರೂ ಹೇಳಿದ್ರು. ಭಟ್ಟಿ ಸಾವುಕಾರ್ರೂ ಹೇಳಿದ್ರು."

"ಸಾವುಕಾರ್ರು ಮತ್ತೇನ ಹೇಳಿದ್ರು?"

"ಭಟ್ಟಿಗೆ ಮತ್ತ ಬೆಂಕಿ ಹಾಕೇವಿ, ದುರುಗ್ಯಾನ ಜಾಗಕ್ಕ ಅವನ ಹೇಣ್ತಿ ಬರಲಿ ಅಂದ್ರು. ನಾಳೆ ಸಂಜಿಯಿಂದ ಅತ್ತಿಗಿ ಅಲ್ಲೇ ಮಲಗಬೇಕು."

ಹುಲಿಗೆಪ್ಪ ಸಾತವ್ವನ ಕಾಲು ಹಿಡಿದ.

"ಅವ್ವಾ, ಭಟ್ಟಿಯವ್ವನ್ನ ಕಟ್ಟಿಹಾಕೂ ಮಂತ್ರ ಕೊಡು. ಅತ್ತಿಗಿ ಹೋಗದಿದ್ರ ಮನಿಯೊಳಗ ಒಲಿ ಹತ್ತಂಗಿಲ್ಲ. ಹೋದ್ರ ಆಕಿ ಏಳಂಗಿಲ್ಲ."

"ಕೊಡ್ತೀನಿ," ಎಂದಳು ಸಾತವ್ವ. "ಮೊದಲು ಆಕಿ ತಿನ್ನೂ ಕಲ್ಲು ತಗೊಂಡು ಬಾ."

ಹುಲಿಗೆಪ್ಪ ಭಟ್ಟಿಗೆ ಹಾಕುವ ಸುಣ್ಣದಕಲ್ಲು ತಂದ. ಸಾತವ್ವ ಸುತ್ತಿಗೆಯಿಂದ ಅದನ್ನು ಎರಡು ಮಾಡಿದಳು. ತಕ್ಕಡಿಯ ಎರಡು ಪರಡಿಯಲ್ಲಿ ಇಟ್ಟು, ತೂಕ ಸಮ ಬರುವ ತನಕ ಒಂದನ್ನು ಕೆತ್ತಿದಳು.

"ಒಂದು ಇಲ್ಲೇ ಇರಲಿ. ಇನ್ನೊಂದನ್ನ ಕುಲುಮಿಯೊಳಗ ಇಟ್ಟು ತಿದಿ ಒತ್ತು."

ಅವನು ಹೊತ್ತು ಇಳಿಯುವ ತನಕ ಒತ್ತಿದ. ಕಲ್ಲು ಕೆಂಪಾಯಿತು, ಆಮೇಲೆ ಕಣ್ಣು ಕುಕ್ಕುವ ಹಾಗೆ ಬೆಳಗಿತು. ತೆಗೆದು ಆರಿಸಿದಾಗ ಬೆಳ್ಳಗಿತ್ತು. ಗಾತ್ರ ಅಷ್ಟೇ. ಮೂಲೆಯ ಮುಕ್ಕು ಕೂಡ ಹಾಗೇ ಇತ್ತು.

ತಕ್ಕಡಿಗೆ ಹಾಕಿದ. ಬೆಂದ ಕಲ್ಲಿನ ಪರಡಿ ಸರ್ರನೆ ಮೇಲೆ ಹೋಯಿತು.

ಹುಲಿಗೆಪ್ಪ ಹಿಂದೆ ಸರಿದ.

"ಅರ್ಧಕ್ಕರ್ಧ ಹೋದಂಗೈತಿ!"

"ಚೂರು ಬಿತ್ತೇನು?"

"ಇಲ್ಲ."

"ಕರಗಿ ಹರೀತೇನು?"

"ಇಲ್ಲ."

"ಕಳ್ಳರು ಬಂದ್ರೇನು?"

"ನಾ ಕಣ್ಣ ಮುಚ್ಚಿಲ್ಲವ್ವಾ." ಅವನ ದನಿ ಇಳಿಯಿತು. "ಆಕಿ ತಿಂದ್ಲು. ಇಲ್ಲಿಗೂ ಬಂದಾಳ."

"ಬಂದಿದ್ರ ಹೊಳಿ ದಾಟಿ ಬಂದಿರಬೇಕಲ್ಲ," ಎಂದಳು ಸಾತವ್ವ. "ಪಾಪ, ಸೀರಿ ತೋಯ್ದಿರಬೇಕು. ಹಗ್ಗದ ಮ್ಯಾಲೆ ಒಣಗಾಕ ಹಾಕ್ಯಾಳೇನು ನೋಡು."

ಅವನು ನಗಲಿಲ್ಲ. ಅವಳೂ ನಗುವುದನ್ನು ಬಿಟ್ಟಳು.

"ಹುಲಿಗ್ಯಾ, ಜಗತ್ತಿನೊಳಗ ಯಾವುದೂ ಇಲ್ಲದಂಗ ಆಗೂದಿಲ್ಲ. ಕಾಣದಂಗ ಆಗ್ತೈತಿ. ಕಲ್ಲು ಅಂದ್ರ ಒಂಟಿ ಅಲ್ಲ. ಕಣ್ಣಿಗೆ ಸಿಗದಷ್ಟು ಸಣ್ಣ ಕಣ ಒಂದನ್ನೊಂದು ಬಿಗಿಯಾಗಿ ಹಿಡಕೊಂಡು ಕುಂತಾವ. ಬೆಂಕಿ ಆ ಹಿಡಿತ ಬಿಡಿಸ್ತೈತಿ. ಉಳದದ್ದು ಪರಡಿಯೊಳಗೈತಿ. ಬಿಟ್ಟು ಹೋದದ್ದು..."

ಅವಳು ಗುಡಿಸಲಿನ ಮೂಲೆಯ ಕಡೆ ನೋಡಿದಳು. ಅವನೂ ನೋಡಿದ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಆ ಮೂಲೆಗೆ ಅವನು ಬೆನ್ನು ಮಾಡಲಾರದೆ ಹೋದ.

"ಅದನ್ನ ಕರದ್ರ ಬರ್ತೈತೇನವ್ವಾ?"

"ಬರ್ತೈತಿ. ನಾಳೆ ಕರಿಯೂಣು."

ಸಾತವ್ವ ಬೆಂದ ಕಲ್ಲನ್ನು ಗಡಿಗೆಯಲ್ಲಿಟ್ಟು ನೀರು ಹೊಯ್ದಳು. ಸ್ವಲ್ಪ ಹೊತ್ತು ಕಲ್ಲು ಸುಮ್ಮನಿತ್ತು. ಆಮೇಲೆ ಬುಸ್ಸೆಂದಿತು. ಬಿರಿಯಿತು. ಕೆಳಗೆ ಬೆಂಕಿಯಿಲ್ಲದೆ ಗಡಿಗೆ ಕೊತಕೊತ ಕುದಿಯಿತು. ಹುಲಿಗೆಪ್ಪ ಬಾಗಿಲ ಹೊರಗೆ ನಿಂತು ನೋಡಿದ.

ಬೆಳಗಾಗುವಷ್ಟರಲ್ಲಿ ಸುಣ್ಣ ತಳಕ್ಕೆ ಕೂತಿತ್ತು. ಮೇಲಿನ ತಿಳಿನೀರನ್ನು ಸಾತವ್ವ ಬಟ್ಟಲಿಗೆ ಬಗ್ಗಿಸಿದಳು. ಬಟ್ಟಲಿನ ತಳ ಕಾಣುವಷ್ಟು ತಿಳಿ. ಪಪ್ಪಾಯಿ ಎಲೆಯ ಪೊಳ್ಳು ದಂಟು ಕೊಯ್ದು ಅವನ ಕೈಗೆ ಕೊಟ್ಟಳು.

"ಒಂದು ತುದಿ ನೀರಾಗ, ಒಂದು ತುದಿ ಬಾಯಾಗ. ಊದು. ಒಳಗ ಎಳದೀಯ ಮತ್ತ, ಬಾಯಿ ಸುಟ್ಟೀತು."

ಊದಿದ. ಗುಳುಗುಳು ಗುಳ್ಳೆ ಎದ್ದವು. ನೀರು ಮಂಜಾಯಿತು. ಇನ್ನೂ ಊದಿದ. ಬಟ್ಟಲು ಸತ್ತವರ ಕಣ್ಣಿನ ಹಾಗೆ ಬೆಳ್ಳಗೆ ಪೊರೆಗಟ್ಟಿತು.

ದಂಟು ಬಿಸಾಕಿ ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ನನ್ನೊಳಗ ಏನೈತವ್ವಾ?"

"ಕಲ್ಲು ಏನು ಬಿಡ್ತು, ನೀನೂ ಅದನ್ನ ಬಿಡ್ತಿ. ಉಸುರಿಗೊಮ್ಮೆ ಬಿಡ್ತಿ. ಸುಣ್ಣ ತನ್ನದನ್ನ ಗುರುತು ಹಿಡೀತು. ಅಪ್ಪಿಕೊಂಡು ತಿರುಗಿ ಕಲ್ಲಾತು. ಈ ಬಿಳುಪು ಐತಲ್ಲ, ಇದು ಅದೇ ಕಲ್ಲಿನ ಪುಡಿ."

"ಗ್ವಾಡಿಗೆ ಬಳಿಯೂ ಸುಣ್ಣ?"

"ಅದೂ ಹಂಗ. ಗಾಳಿಯೊಳಗಿಂದ ಅದನ್ನ ಎಳಕೊಂಡೇ ಗಟ್ಟಿ ಆಗ್ತೈತಿ. ಮನಿಯೊಳಗ ಮಲಗಿದವರ ಉಸುರು, ಮಾತಾಡಿದವರ ಉಸುರು, ಬಳದಾವನ ಉಸುರು."

ಹುಲಿಗೆಪ್ಪ ಗುಡಿಸಲಿನ ಬಿಳಿ ಗೋಡೆ ನೋಡಿದ. ಅದರ ಕಡೆ ಮುಖ ಮಾಡಿ ಅವನು ಎಷ್ಟೋ ರಾತ್ರಿ ಮಲಗಿದ್ದ. ಈಗ ಅದರ ಎದುರು ಜೋರಾಗಿ ಮಾತಾಡಲು ಹೆದರಿಕೆಯಾಯಿತು.

"ಹಂಗಾರ ಅಣ್ಣನ ಉಸುರು ಎಲ್ಲೈತಿ?"

"ಕಡೀಸಲ ಯಾರ ಮನಿಗೆ ಸುಣ್ಣ ಬಳದಿದ್ದ?"

"ಸಾವುಕಾರ್ರ ಮನಿಗೆ. ಮಗಳ ಲಗ್ನಕ್ಕ."

ಸಾತವ್ವ ಬಟ್ಟಲನ್ನು ಬಾಗಿಲಾಚೆ ಚೆಲ್ಲಿದಳು.

"ಅವ್ವಾ, ಇದು ನನ್ನೊಳಗಿದ್ರೂ ನಾ ಯಾಕ ಸತ್ತಿಲ್ಲ?"

"ನೀ ಬಿಟ್ಟದ್ದು ಹೋಗಾಕ ಜಾಗ ಐತಿ. ಜಾಗ ಇಲ್ಲದಲ್ಲಿ ಅದು ಏನು ಮಾಡ್ತೈತಿ ಅನ್ನೂದು ಆ ದಡದಾಗ ಕಾಣ್ತೈತಿ. ನಡಿ. ಒಂದು ಹಣತಿ ತಗೋ."

ಹೊತ್ತು ಮುಳುಗುವ ಮುಂಚೆ ಇಬ್ಬರೂ ಹರಿಗೋಲಿನಲ್ಲಿ ಹೊಳೆ ದಾಟಿದರು. ಗಾಳಿ ಸತ್ತಿತ್ತು. ಮರದ ಎಲೆಯೂ ಅಲುಗುತ್ತಿರಲಿಲ್ಲ. ಆ ಮೌನದಲ್ಲಿ ಭಟ್ಟಿಯೊಂದೇ ಗುರ್ ಎನ್ನುತ್ತಿತ್ತು.

ಅಲ್ಲಿ ದುಡಿಯುವವರೆಲ್ಲ ಒಂದೇ ಕೇರಿಯವರು. ಅಲ್ಲಿ ಸತ್ತವರೂ ಆ ಕೇರಿಯವರೇ. ಭಟ್ಟಿಯವ್ವನಿಗೆ ಬೇರೆ ಕೇರಿಯವರ ರುಚಿ ಯಾಕೆ ಹತ್ತಲಿಲ್ಲ ಎಂದು ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಬೆಂಕಿ ಏರಿದ ದಿನ ಒಂದು ಪದ್ಧತಿ ನಡೆಯುತ್ತಿತ್ತು. ಸಂಜೆ ತಗ್ಗಿನ ತಳಕ್ಕೆ ಒಂದು ಹುಂಜವನ್ನು ಹಗ್ಗ ಕಟ್ಟಿ ಇಳಿಸುವರು. ಬೆಳಿಗ್ಗೆ ಅದು ಸತ್ತಿರುತ್ತಿತ್ತು. ಕತ್ತಿ ಇಲ್ಲ, ರಕ್ತ ಇಲ್ಲ. ಸಾವುಕಾರ ಮೇಲೆ ನಿಂತು ಹಗ್ಗ ಎಳೆದು, "ಅವ್ವ ಕೊಂಡಾಳ!" ಎಂದು ಕೂಗುತ್ತಿದ್ದ. ಎಲ್ಲರೂ ಅಡ್ಡ ಬೀಳುತ್ತಿದ್ದರು.

ಹುಂಜ ತಳದಲ್ಲಿ. ಅದರ ಪಕ್ಕದ ಮೆಟ್ಟಿಲಲ್ಲಿ ಮನುಷ್ಯರು. ಗಾಳಿ ಬೀಸಿದ ದಿನ ಮೆಟ್ಟಿಲಿನವರು ಎದ್ದು ಕೂಲಿಗೆ ಹೋಗುತ್ತಿದ್ದರು. ಗಾಳಿ ನಿಂತ ದಿನ ಒಬ್ಬೊಬ್ಬರು ಏಳುತ್ತಿರಲಿಲ್ಲ. ಹುಂಜ ಸಾಯುವ ಜಾಗದಲ್ಲಿ ಮನುಷ್ಯನೂ ಸಾಯುತ್ತಾನೆ ಎಂದು ತಿಳಿಯಲು ಮಂತ್ರ ಬೇಕಿರಲಿಲ್ಲ. ತಲೆ ಎತ್ತಿದರೆ ಸಾಕಿತ್ತು. ತಲೆ ಬಗ್ಗಿಸಿ ಕೈ ಮುಗಿಯುವುದನ್ನಷ್ಟೇ ಅವರಿಗೆ ಕಲಿಸಿದ್ದರು.

ಹುಂಜ ಆಗಲೇ ತಳದಲ್ಲಿತ್ತು. ದುರುಗಪ್ಪನ ಹೆಂಡತಿ ಫಕೀರವ್ವ ಗಂಡನ ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತಿದ್ದಳು. ಸಾವುಕಾರ ಮೇಲೆ ಹಗ್ಗ ಹಿಡಿದು ನಿಂತಿದ್ದ.

"ಏನ ಮುದುಕಿ, ಊಟ ಹುಡುಕ್ಕೊಂಡು ಬಂದ್ಯೇನು?" ಎಂದ.

"ನಿಮ್ಮವ್ವಗ ದೀಪ ಹಚ್ಚಾಕ ಬಂದೀನ್ರಿ," ಎಂದಳು ಸಾತವ್ವ.

ದೀಪ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

ಹುಲಿಗೆಪ್ಪ ಹಣತೆ ಹಚ್ಚಿದ. ದಾರದ ನೆಲುವಿನಲ್ಲಿಟ್ಟು ತಗ್ಗಿಗೆ ಇಳಿಬಿಟ್ಟ. ಉರಿ ನೆಟ್ಟಗೆ ನಿಂತು ಇಳಿಯಿತು. ಫಕೀರವ್ವನ ಪಾದದ ಮಟ್ಟ ದಾಟಿತು. ಅಲ್ಲಿ ಯಾರೋ ಎರಡು ಬೆರಳಿನಿಂದ ಹಿಸುಕಿದ ಹಾಗೆ ಆರಿತು.

ಗಾಳಿ ಇರಲಿಲ್ಲ.

ಎಳೆದು ಮತ್ತೆ ಹಚ್ಚಿದ. ಮತ್ತೆ ಬಿಟ್ಟ. ಅದೇ ಮಟ್ಟದಲ್ಲಿ ಮತ್ತೆ ಹಿಸುಕಿದ ಹಾಗಾಯಿತು.

"ಅವ್ವ ಅದಾಳ!" ಎಂದು ಒಬ್ಬ ಮುದುಕ ಕೈ ಮುಗಿದ.

"ಕೈ ಆಮೇಲೆ ಮುಗಿ ಯಜ್ಜಾ. ಮೊದಲು ಹೊಗಿ ನೋಡು," ಎಂದಳು ಸಾತವ್ವ.

ಆರಿದ ಬತ್ತಿಯ ಹೊಗೆ ಮೇಲೆ ಬರಲಿಲ್ಲ. ಅಡ್ಡಕ್ಕೆ ಹರಿಯಿತು. ನೀರಿನ ಮೇಲೆ ಕೆನೆ ಹರಡುವ ಹಾಗೆ ತಗ್ಗಿನ ತುಂಬ ಹಬ್ಬಿ ಮಟ್ಟಸವಾಗಿ ಮಲಗಿತು. ಆಗ ಎಲ್ಲರಿಗೂ ಕಂಡಿತು. ತಗ್ಗು ಖಾಲಿ ಇರಲಿಲ್ಲ. ಅದರಲ್ಲಿ ಏನೋ ತುಂಬಿತ್ತು. ಹೊಗೆಯ ಪದರದ ಕೆಳಗೆ ಹುಂಜ ಕೊಕ್ಕು ತೆರೆದು, ಸದ್ದಿಲ್ಲದೆ, ಬಾಯಿ ಬಿಡುತ್ತಿತ್ತು.

ಹೊಗೆಗೂ ಫಕೀರವ್ವನ ಪಾದಕ್ಕೂ ಒಂದು ಗೇಣು. ನೋಡನೋಡುತ್ತಿದ್ದಂತೆ ಅದು ಗೇಣಿಗಿಂತ ಕಡಿಮೆಯಾಯಿತು.

ಫಕೀರವ್ವ ಕಾಲು ಎಳೆದುಕೊಂಡಳು.

"ಮೈದುನಾ, ಇದು ಏರಾಕತ್ತೈತಿ!"

"ಕಲ್ಲು ಬೇಯೂ ತನಕ ಏರ್ತೈತಿ," ಎಂದಳು ಸಾತವ್ವ. "ಗಾಳಿಗಿಂತ ತೂಕ ಹೆಚ್ಚು. ಅದಕ್ಕ ತಗ್ಗು ಹುಡುಕ್ತೈತಿ."

ಹುಲಿಗೆಪ್ಪ ಸಾವುಕಾರನ ಕೈಯಿಂದ ಹಗ್ಗ ಕಿತ್ತುಕೊಂಡು ಎಳೆದ. ಹುಂಜ ಒದ್ದೆ ಬಟ್ಟೆಯ ಹಾಗೆ ಮೇಲೆ ಬಂತು. ನೆಲದ ಮೇಲೆ ಬಿದ್ದಿತ್ತು. ಆಮೇಲೆ ಒಂದು ರೆಕ್ಕೆ ಆಡಿತು. ಕತ್ತು ಎತ್ತಿತು. ಎದ್ದು ಓಲಾಡುತ್ತ ನಿಂತಿತು.

ಕೇರಿಯವರು ಹೌಹಾರಿದರು. ಆ ಭಟ್ಟಿಯಲ್ಲಿ ಇಳಿಸಿದ ಹುಂಜ ಬದುಕಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ಕೆಟ್ಟ್ರಿ!" ಎಂದು ಸಾವುಕಾರ ಚೀರಿದ. "ಅವ್ವನ ಬಾಯಾಗಿನ ತುತ್ತು ಕಸಗೊಂಡ್ರಿ. ಇನ್ನ ಮನಷಾರನ್ನ ತಗೋತಾಳ. ಇಳಸ್ರಲೇ ಅದನ್ನ ಕೆಳಗ!"

ಯಾರೋ ಒಬ್ಬ ಹುಂಜದ ಕಡೆ ಬಾಗಿದ. ಅಷ್ಟರಲ್ಲಿ ಫಕೀರವ್ವ ಮೇಲೆ ಬಂದಿದ್ದಳು. ಹುಂಜವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಹೋದಸಲ ನೀವು ಹುಂಜ ಕೊಟ್ರಿ, ಆಕಿ ತಗೊಂಡ್ಲು. ನನ್ನ ಗಂಡನ್ನೂ ತಗೊಂಡ್ಲು. ಕೊಟ್ರೂ ತಗೋತಾಳ ಅಂದಮ್ಯಾಲೆ ಕೊಡೂದು ಯಾಕ್ರಿ? ನಾ ಇಲ್ಲೇ ಮ್ಯಾಲೆ ಮಲಗ್ತೀನಿ. ಬೇಕಾದ್ರ ಆಕಿನ ಹತ್ತಿ ಬರಲಿ."

"ಮ್ಯಾಲೆ ಮಲಗಿದ್ರ ಬೆಂಕಿ ನಿಮ್ಮಪ್ಪ ಕಾಯ್ತಾನೇನು?"

"ನೀವು ಹಗ್ಗ ಹಿಡಕೊಂಡು ನಿಂದರೂ ಜಾಗ ಐತಲ್ರಿ, ಅಲ್ಲಿಂದ ಬೆಂಕಿ ಚಲೋ ಕಾಣ್ತೈತಿ."

ಯಾರೋ ಕಿಸಕ್ಕೆಂದರು. ಆ ಭಟ್ಟಿಯ ಬಳಿ ಸಾವುಕಾರನ ಎದುರು ನಕ್ಕವರಿರಲಿಲ್ಲ. ಆಮೇಲೆ ಕೈ ಮುಗಿದಿದ್ದ ಮುದುಕ ಒಂದು ಕೊಕ್ಕೆಕೋಲು ತಂದು, ಮೆಟ್ಟಿಲ ಮೇಲಿನ ತನ್ನ ಚಾಪೆಯನ್ನು ಮೇಲಿಂದಲೇ ಎಳೆದುಕೊಂಡ. ಕೋಲನ್ನು ಪಕ್ಕದವನಿಗೆ ಕೊಟ್ಟ. ಒಂದೊಂದೇ ಚಾಪೆ ಮೇಲೆ ಬಂತು.

ಸಾವುಕಾರ ಬೈದ. ಯಾರೂ ಕೆಳಗೆ ಇಳಿಯಲಿಲ್ಲ. ಅವನೂ ಇಳಿಯಲಿಲ್ಲ.

ಹುಲಿಗೆಪ್ಪ ಕೈಯಲ್ಲಿದ್ದ ಹಗ್ಗ ನೋಡುತ್ತ ನಿಂತಿದ್ದ. ಗಟ್ಟಿ ಹಗ್ಗ. ತಗ್ಗಿನ ತಳ ಮುಟ್ಟಿಯೂ ಎರಡು ಮಾರು ಮಿಗುವಷ್ಟು ಉದ್ದ. ಹಿಡಿದು ಹಿಡಿದು ತುದಿ ನುಣುಪಾಗಿತ್ತು. ಅದನ್ನು ಹಿಡಿದವನು ಒಂದು ದಿನವೂ ತಗ್ಗಿಗೆ ಕಾಲಿಟ್ಟಿರಲಿಲ್ಲ.

ಹಗ್ಗ ಅಲ್ಲೇ ಬಿಟ್ಟು ಹುಲಿಗೆಪ್ಪ ಸಾತವ್ವನ ಹಿಂದೆ ಹರಿಗೋಲಿನ ತನಕ ನಡೆದ. ಅಲ್ಲಿ ನಿಂತು ಕೇಳಿದ.

"ಅವ್ವಾ, ನನ್ನ ಅಣ್ಣನ್ನ ಕೊಂದದ್ದು ಕಲ್ಲು ಬಿಟ್ಟ ಉಸುರೇನು?"

ಸಾತವ್ವ ಹರಿಗೋಲಿಗೆ ಕಾಲಿಟ್ಟು, ತಿರುಗಿ, ಭಟ್ಟಿಯ ಕೆಂಪು ಬೆಳಕನ್ನು ನೋಡಿದಳು.

"ಅದಕ್ಕ ಕಣ್ಣಿಲ್ಲ ಹುಲಿಗ್ಯಾ. ತಗ್ಗು ಕಂಡಲ್ಲಿ ಹೋಗಿ ಮಲಗ್ತೈತಿ. ನಿಮ್ಮಣ್ಣನ್ನ ಅದರ ಪಕ್ಕದಾಗ ಮಲಗಿಸಿ, ತಾನು ಮ್ಯಾಲೆ ನಿಂತಾನಲ್ಲ, ಅವಗ ಎರಡೂ ಕಣ್ಣು ಅದಾವ."