ಸಾಹೇಬರು ಓದದ ರಜೆ ಚೀಟಿ

ಸರ್ವೆ ಕಚೇರಿಯ ಸಾಹೇಬರು, ಹೆಂಗಸರಿಗೆ ತಂಡ ನಡೆಸೋಕಾಗಲ್ಲ ಅಂತ ಹನುಮಕ್ಕನ ಬಡ್ತಿಯನ್ನು ಅವಳ ಹತ್ತಿರವೇ ಕೆಲಸ ಕಲಿತವನಿಗೆ ಕೊಟ್ಟುಬಿಟ್ಟರು. ತಾರತಮ್ಯದ ದೂರನ್ನು ನಲವತ್ತೈದು ದಿನದೊಳಗೆ ಕಚೇರಿಯ ಮುಖ್ಯಸ್ಥರಿಗೆ, ಅಂದರೆ ಅದೇ ಸಾಹೇಬರಿಗೆ, ಕೊಡಬೇಕು. ಹನುಮಕ್ಕ ದೂರು ಹಿಡಿದು ಹೋದಾಗಲೆಲ್ಲ ಅವರದ್ದು ಒಂದೇ ಮಾತು: "ನಾಳೆ ಬಾರಮ್ಮ."

ನಲವತ್ತಾರನೇ ದಿನ ಸಾಹೇಬರೇ ಅವಳನ್ನು ಕರೆಸಿದರು. "ಎಲ್ಲಮ್ಮ ನಿನ್ನ ದೂರು? ಗಡುವು ನಿನ್ನೆಗೇ ಮುಗೀತಲ್ಲ" ಅಂತ ಮೀಸೆ ತಿರುವಿದರು.

"ಕೊಟ್ಟು ತಿಂಗಳಾಯ್ತು ಸಾರ್. ನೀವೇ ಸಹಿ ಹಾಕಿದ್ದೀರಿ."

ಹನುಮಕ್ಕ ರಜೆ ಚೀಟಿಗಳ ಕಡತ ಬಿಚ್ಚಿಟ್ಟಳು. ಹದಿನೈದನೇ ದಿನದ ಚೀಟಿಯಲ್ಲಿ ಹೀಗಿತ್ತು: 'ಇದರ ಹಿಂದೆ ಲಗತ್ತಿಸಿದ ತಾರತಮ್ಯದ ದೂರನ್ನು ತಮಗೆ ಸಲ್ಲಿಸಿರುತ್ತೇನೆ. ಪ್ರತಿಯನ್ನು ಜಿಲ್ಲಾ ಕಚೇರಿಗೆ ಮುಟ್ಟಿಸಲು ಅರ್ಧ ದಿನ ರಜೆ ಕೋರುತ್ತೇನೆ.' ಕೆಳಗೆ ಸಾಹೇಬರ ಹಸಿರು ಶಾಯಿಯಲ್ಲಿ 'ಮಂಜೂರು' ಅಂತ ಇತ್ತು, ಸಹಿ ತಾರೀಖಿನ ಸಮೇತ.

ಸಾಹೇಬರ ಕೈ ಮೀಸೆಯಿಂದ ಕೆಳಗಿಳಿಯಿತು. "ನಾನು ಇದನ್ನ ಓದೇ ಇಲ್ಲ."

"ಹದಿನೆಂಟು ವರ್ಷದಿಂದ ನಿಮ್ಮ ಮುಂದೆ ಕಾಗದ ಇಡ್ತಿರೋಳು ನಾನು. ನೀವು ಓದಲ್ಲ ಅಂತ ನಂಗೆ ಗೊತ್ತಿಲ್ವೇ ಸಾರ್?" ಹನುಮಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತು, ಒಂದು ಬಿಳಿ ಹಾಳೆಯನ್ನು ಅವರ ಮುಂದೆ ಸರಿಸಿದಳು. "ಓದದೇ ಸಹಿ ಹಾಕಿದೆ ಅಂತ ಬರೆದುಕೊಡಿ. ಅದನ್ನೂ ದೂರಿಗೆ ಲಗತ್ತಿಸ್ತೀನಿ."