ಹಸಿರು ಡಬ್ಬಿಗಳ ರೈಲು

ಕಪಿಲೆಯ ದಡದಲ್ಲಿ ಒಂದು ಆಶ್ರಮ. ಅದರ ಹಿತ್ತಿಲಲ್ಲಿ, ಹಿಂದೆ ಭತ್ತ ತುಂಬುತ್ತಿದ್ದ ಒಂದು ಕೋಣೆ. ಆ ಕೋಣೆಯಲ್ಲಿ ಐರ್ಲೆಂಡ್ ಇತ್ತು.

ಉದ್ದನೆಯ ಹಲಗೆಯ ಮೇಲೆ ಪುಟ್ಟದೊಂದು ಸ್ಟೇಷನ್, ಕಲ್ಲಿನ ಗೋಡೆ, ಹುಲ್ಲುಗಾವಲು, ಬೆರಳಗಲದ ರೈಲು ಹಳಿ. ಹಳಿ ಗುಡ್ಡವನ್ನು ಬಳಸಿ ಸುರಂಗದೊಳಗೆ ಹೋಗಿ ಮರೆಯಾಗುತ್ತಿತ್ತು.

ಅದನ್ನು ಕಟ್ಟಿದವರು ಡೆಕ್ಲನ್ ಎಂಬ ಐರಿಷ್ ಮನುಷ್ಯ. ಹರೆಯದಲ್ಲಿ ಏನೋ ಒಂದು ಪ್ರಶ್ನೆ ಕೇಳಲು ಆಶ್ರಮಕ್ಕೆ ಬಂದವರು. ಉತ್ತರ ಸಿಕ್ಕಿತೋ ಇಲ್ಲವೋ, ಇಲ್ಲೇ ಉಳಿದು ಮುದುಕರಾದರು. ಆಶ್ರಮದವರಿಗೆಲ್ಲ ಅವರು ರೈಲು ತಾತ.

ಷಡಕ್ಷರಿ, ಆಶ್ರಮದ ಗುರುವಿನ ಶಿಷ್ಯ. ಇಲ್ಲಿಗೆ ಬರುವ ಮುನ್ನ ಪಾತ್ರೆ ಅಂಗಡಿ ಇಟ್ಟಿದ್ದವನು. ಗುರುವಿನ ಹತ್ತಿರ ಪಾಠ ಕೇಳಿದ, ತಾತನ ಹತ್ತಿರ ರೈಲು ಓಡಿಸುವುದನ್ನು ಕಲಿತ. ಎರಡನೆಯದೇ ಹೆಚ್ಚು ಕಷ್ಟವಾಯಿತು.

"ಕತ್ತೆ ಒದ್ದ ಹಾಗೆ ಹೊರಡಿಸ್ತೀಯಲ್ಲೋ," ಎಂದು ತಾತ ಬಯ್ಯುತ್ತಿದ್ದರು. "ಹೊರಟಿದ್ದು ಗೊತ್ತಾಗಬಾರದು ಕಣಯ್ಯ. ಒಳಗೆ ಕೂತವನು ಕಿಟಕೀಲಿ ನೋಡಿ, ಅರೆ, ಊರು ಹೋಗ್ತಾ ಇದೆಯಲ್ಲ ಅನ್ನಬೇಕು."

ಈಗ ತಾತ ಬಯ್ಯುವುದನ್ನು ನಿಲ್ಲಿಸಿದ್ದರು. ಮೊದಲು ಹೆಸರುಗಳು ಮರೆತುಹೋದವು, ಆಮೇಲೆ ಮುಖಗಳು. ಷಡಕ್ಷರಿ ಗಂಜಿ ಕುಡಿಸಿದರೆ ಕುಡಿಯುತ್ತಿದ್ದರು. ಕುಡಿಸುವವನು ಯಾರೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಡಾಕ್ಟರು ಬಂದು ನಾಡಿ ಹಿಡಿದು ನೋಡಿ, ಇನ್ನು ಹೆಚ್ಚು ದಿನ ಇಲ್ಲ ಎಂದು ಹೇಳಿ ಹೋದರು.

ಷಡಕ್ಷರಿ ಗುರುವಿನ ಮುಂದೆ ಬಂದು ನಿಂತ.

"ಬುದ್ಧಿ, ತಾತ ಹೋಗೋದರೊಳಗೆ ಒಂದು ಸಲ ನನ್ನ ಗುರುತು ಹಿಡೀಬೇಕು."

"ಹಿಡಿದರೆ?"

"ಅಷ್ಟೇ ಬುದ್ಧಿ. ಒಂದು ಸಲ ಕತ್ತೆ ಅಂದರೂ ಸಾಕು."

"ಹೇಗೆ ಹಿಡಿಸ್ತೀಯ?"

"ರೈಲು ಓಡಿಸಿ ತೋರಿಸ್ತೀನಿ. ಹೊಸದು ತರಿಸಿದ್ದೀನಿ. ಐರ್ಲೆಂಡಿನದೇ."



ಹೊಸ ರೈಲು ಚೆಂದವಾಗಿತ್ತು. ಡೀಸೆಲ್ ಎಂಜಿನ್, ಕಿತ್ತಳೆ ಬಣ್ಣದ ಡಬ್ಬಿಗಳು, ನಡುವೆ ಕಪ್ಪು ಪಟ್ಟಿ. ಷಡಕ್ಷರಿ ತಾತನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದು ಹಲಗೆಯ ಪಕ್ಕದಲ್ಲಿಟ್ಟ. ರೈಲು ಓಡಿಸಿದ.

ತಾತ ಒಮ್ಮೆ ನೋಡಿದರು. ಆಮೇಲೆ ಕಿಟಕಿಯಾಚೆ ಹೊಳೆಯ ಕಡೆ ಮುಖ ತಿರುಗಿಸಿದರು.

ಷಡಕ್ಷರಿ ಮತ್ತೆ ಗುರುವಿನ ಬಳಿಗೆ ಹೋದ.

"ಇರೋದರಲ್ಲಿ ಒಳ್ಳೇ ಮಾಲು ನೋಡಿ ತರಿಸಿದೆ ಬುದ್ಧಿ. ಎರಡನೇ ಸಲ ಕಣ್ಣೆತ್ತಿ ನೋಡಲಿಲ್ಲ."

ಗುರು ಎದ್ದು ಕೋಣೆಗೆ ಬಂದರು. ಸೊಂಟದ ಮೇಲೆ ಕೈಯಿಟ್ಟು ಬಾಗಿ, ಪುಟ್ಟ ಸ್ಟೇಷನ್ನನ್ನು ನೋಡಿದರು.

"ಇಲ್ಲಿ ಕರೆಂಟ್ ಕಂಬ ಎಲ್ಲಿದೆ?"

"ಕಂಬ ಇಲ್ಲ ಬುದ್ಧಿ. ಸೀಮೆಎಣ್ಣೆ ದೀಪ. ತಾತ ಹುಡುಗರಾಗಿದ್ದಾಗಿನ ಊರು ಇದು."

"ಈ ಊರಿಗೆ ನಿನ್ನ ಎಂಜಿನ್ ಹೇಗೆ ಬಂತು?"

"ಡೀಸೆಲ್ ಎಂಜಿನ್ನಿಗೆ ಕರೆಂಟ್ ಬೇಡ ಬುದ್ಧಿ."

"ಕಾಲ ಬೇಡವೇ?"

ರೈಲು ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಷಡಕ್ಷರಿ ತಿರುಗಿಸಿ ನೋಡಿದ. ಅದು ಯಾವ ಕಾಲದ ರೈಲು ಎಂಬುದು ಬದಿಯಲ್ಲೇ ಅಚ್ಚಾಗಿತ್ತು. ಕೊಳ್ಳುವಾಗ ಬಣ್ಣ ನೋಡಿದ್ದ, ಬದಿ ಓದಿರಲಿಲ್ಲ.

"ಈ ರೈಲು ಬರೋ ಹೊತ್ತಿಗೆ ತಾತನ ಊರಿನ ಹಳೀನೇ ಕಿತ್ತುಹಾಕಿದ್ದರು ಬುದ್ಧಿ. ಅವರೇ ಹೇಳಿದ್ದರು. ಸ್ಟೇಷನ್ನಿನಲ್ಲಿ ಈಗ ದನ ಕಟ್ತಾರಂತೆ."

"ಕಾಣದೇ ಇದ್ದ ರೈಲನ್ನ ನೆನಪು ಮಾಡಿಕೊ ಅಂದರೆ ಹೇಗಪ್ಪ?"

ಷಡಕ್ಷರಿ ತಲೆ ಕೆರೆದುಕೊಂಡ.

"ಹಳೇದು ಒಂದಿದೆ. ಅಟ್ಟದ ಮೇಲೆ."

"ಅದನ್ನ ಬಿಟ್ಟು ಇದನ್ನ ಯಾಕೆ ತರಿಸಿದೆ?"

"ಬಣ್ಣ ಮಾಸಿತ್ತು ಬುದ್ಧಿ."

"ಅಂಗಡಿ ಬಿಟ್ಟು ಬಂದಿದ್ದೀಯ ಅಂದುಕೊಂಡಿದ್ದೆ," ಎಂದರು ಗುರು.

ಅಟ್ಟದಿಂದ ಇಳಿದದ್ದು ಹಳೆಯ ಪಂಚೆಯಲ್ಲಿ ಸುತ್ತಿಟ್ಟ ರೈಲು. ಬೂದು ಬಣ್ಣದ ಉಗಿ ಎಂಜಿನ್, ಹಿಂದೆ ಹಸಿರು ಡಬ್ಬಿಗಳು. ಕೋಣೆಯಲ್ಲಿ ಯಾರೂ ಇಲ್ಲದಾಗ ಮಾತ್ರ ತಾತ ಅದನ್ನು ಓಡಿಸುತ್ತಿದ್ದರು. ಬೇರೆಯವರೆದುರು ಬರೀ ಗೂಡ್ಸ್ ರೈಲು.

ಷಡಕ್ಷರಿ ಒಮ್ಮೆ ಬಾಗಿಲ ಸಂದಿಯಿಂದ ನೋಡಿದ್ದ. ಹಸಿರು ರೈಲು ಸ್ಟೇಷನ್ನಿನಲ್ಲಿ ನಿಂತಿತ್ತು. ನಿಂತೇ ಇದೆ ಎಂದುಕೊಳ್ಳುತ್ತಿರುವಾಗಲೇ ಅದು ಸುರಂಗದ ಹತ್ತಿರ ಹೋಗಿಬಿಟ್ಟಿತ್ತು. ಯಾವಾಗ ಹೊರಟಿತೋ ಅವನಿಗೆ ತಿಳಿದಿರಲಿಲ್ಲ.

ಈಗ ಅದನ್ನು ಹಳಿಯ ಮೇಲಿಟ್ಟ. ಅದು ಅಲುಗಲಿಲ್ಲ.

"ಸತ್ತಿದೆಯೋ?" ಗುರು ಕೇಳಿದರು.

"ಇಲ್ಲ ಬುದ್ಧಿ. ಹಳೀಲಿ ಕರೆಂಟ್ ಯಾವಾಗಲೂ ಇರುತ್ತೆ. ಒಂದೊಂದು ಎಂಜಿನ್ ಒಳಗೂ ಒಂದು ಚಿಪ್, ಅದಕ್ಕೊಂದು ನಂಬರ್. ಈ ಕಂಟ್ರೋಲ್ ಪೆಟ್ಟಿಗೆಯಿಂದ ಯಾರ ನಂಬರ್ ಕೂಗ್ತೀವೋ ಅವರು ಮಾತ್ರ ಓಗೊಡ್ತಾರೆ. ಇದಕ್ಕೆ ತಾತ ಏನು ನಂಬರ್ ಇಟ್ಟಿದ್ದಾರೋ, ಯಾರಿಗೂ ಹೇಳಿಲ್ಲ."

"ಪೆಟ್ಟಿಗೆಯನ್ನೇ ಕೇಳು."

"ಈ ಪೆಟ್ಟಿಗೆಗೆ ಎಂಜಿನ್ ಒಳಗೆ ಬರೆಯೋಕೆ ಬರುತ್ತೆ, ಅಲ್ಲಿರೋದನ್ನ ಓದೋಕೆ ಬರಲ್ಲ."

ಗುರು ರಟ್ಟಿನ ಪೆಟ್ಟಿಗೆಯ ಬದಿಯನ್ನು ನೋಡಿದರು, ಷಡಕ್ಷರಿಯನ್ನು ನೋಡಿದರು.

"ನಮ್ಮಲ್ಲೂ ಅಂಥವರಿದ್ದಾರೆ," ಎಂದರು.

ಷಡಕ್ಷರಿ ಒಂದಾದ ಮೇಲೊಂದು ನಂಬರ್ ಒತ್ತಿ ನೋಡಿದ. ತಾತ ಹುಟ್ಟಿದ ವರ್ಷ, ಆಶ್ರಮಕ್ಕೆ ಬಂದ ವರ್ಷ, ಅವರ ಕೋಣೆಯ ಬಾಗಿಲ ಮೇಲಿನ ಅಂಕಿ. ಯಾವುದಕ್ಕೂ ಎಂಜಿನ್ ಓಗೊಡಲಿಲ್ಲ.

ಆ ಕಡೆ ತಾತನ ಗಂಟಲಲ್ಲಿ ಗಂಜಿ ಇಳಿಯುವುದೂ ಕಡಿಮೆಯಾಯಿತು. ಷಡಕ್ಷರಿ, "ತಾತ, ನಾನು ಷಡಕ್ಷರಿ," ಎಂದು ಕಿವಿಯ ಹತ್ತಿರ ಕೂಗುತ್ತಿದ್ದ. ಅಲ್ಲಿಂದಲೂ ಉತ್ತರ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಗುರುವಿನ ಬಳಿ ಓಡಿ ಬಂದ.

"ಒಂದು ದಾರಿ ಇದೆ ಬುದ್ಧಿ. ಒಂದೇ ಒಂದು ಅಪ್ಪಣೆ ಕೊಟ್ಟರೆ ಚಿಪ್ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಕಾರ್ಖಾನೆಯಿಂದ ಬಂದಾಗ ಇದ್ದ ನಂಬರಿಗೇ ಬಂದು ನಿಲ್ಲುತ್ತೆ. ಆ ನಂಬರ್ ನನಗೆ ಗೊತ್ತು."

"ಎಲ್ಲ ಅಂದರೆ ಏನೇನು?"

"ನಂಬರ್ ಬುದ್ಧಿ."

"ಎಲ್ಲ ಅಂದೆಯಲ್ಲ."

"ಹೊತ್ತಿಲ್ಲ ಬುದ್ಧಿ."



ಷಡಕ್ಷರಿ ಅಳಿಸಿದ. ಕಾರ್ಖಾನೆಯ ನಂಬರ್ ಒತ್ತಿದ. ಎಂಜಿನ್ನಿನ ಚಕ್ರ ಒಂದಿಷ್ಟು ತಿರುಗಿತು. ಅಷ್ಟು ಕಂಡದ್ದೇ ತಡ, ತಾತನನ್ನು ಕರೆತರಲು ಹೋದ.

ತಾತನನ್ನು ಕುರ್ಚಿಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟರು. ಗುರುವೂ ಎಲೆ ಅಡಿಕೆ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು.

ತಾತನ ಕಣ್ಣು ಸ್ಟೇಷನ್ನಿನ ಮೇಲೆ ಬಿತ್ತು. ಹಸಿರು ಡಬ್ಬಿಗಳ ಮೇಲೆ ಬಿತ್ತು. ಅಲ್ಲೇ ನಿಂತಿತು.

ಷಡಕ್ಷರಿ ಕಂಟ್ರೋಲ್ ಪೆಟ್ಟಿಗೆಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ರೈಲು ಹಂದಲಿಲ್ಲ. ಇನ್ನೊಂದು ಎಳೆಯಷ್ಟು ತಿರುಗಿಸಿದ.

ರೈಲು ಒದ್ದಂತೆ ಹಾರಿತು. ಹಿಂದಿನ ಡಬ್ಬಿ ಹಳಿ ತಪ್ಪಿತು. ಪ್ಲಾಟ್‌ಫಾರಮ್ಮಿನ ಮೇಲೆ ಶಾಲು ಹೊದ್ದ ಹೆಂಗಸಿನ ಗೊಂಬೆಯೊಂದಿತ್ತು. ಡಬ್ಬಿ ತಾಕಿ ಅದು ಮಗುಚಿ ಬಿತ್ತು.

ತಾತ ಬೆಚ್ಚಿದರು. ಅವರ ಕೈಗಳು ಕುರ್ಚಿಯ ತೋಳನ್ನು ಹಿಡಿದುಕೊಂಡವು.

ಷಡಕ್ಷರಿಗೆ ಆಗ ತಿಳಿಯಿತು. ಹಳೆಯ ಎಂಜಿನ್ ತಾನಾಗಿ ಮೆಲ್ಲಗೆ ಹೊರಡುವಂಥದ್ದಲ್ಲ. ತಾತ ವರ್ಷಗಟ್ಟಲೆ ಕೂತು, ಇಷ್ಟಿಷ್ಟೇ ತಿದ್ದಿ, ಮೆಲ್ಲಗೆ ಹೊರಡುವುದನ್ನು ಅದರ ಚಿಪ್ ಒಳಗೆ ಬರೆದಿದ್ದರು. ನಂಬರ್ ಜೊತೆ ಅದೂ ಹೋಗಿತ್ತು.

"ಬುದ್ಧಿ, ಅವರ ಕೈಬರಹ ಅಳಿಸಿಬಿಟ್ಟೆ."

"ಹೂಂ."

"ಮತ್ತೆ ಬರೆಯೋಕೆ ಆಗುತ್ತಾ ಬುದ್ಧಿ?"

"ಅವರ ಕೈಯಲ್ಲಿ ಆಗಲ್ಲ. ನೋಡ್ತಾ ಇದ್ದೀಯಲ್ಲ."

ಷಡಕ್ಷರಿ ನೆಲದ ಮೇಲೆ ಕೂತು, ಮೊಣಕಾಲಲ್ಲಿ ಮುಖ ಇಟ್ಟುಕೊಂಡ.

ಗುರು ಎದ್ದು ಪೆಟ್ಟಿಗೆಯ ಪ್ಲಗ್ ಕಿತ್ತರು. ಹಳಿ ತಪ್ಪಿದ ಡಬ್ಬಿಯನ್ನು ಹಳಿಗೆ ಕೂರಿಸಿ, ರೈಲನ್ನು ಹಿಂದಕ್ಕೆ ತಂದು ಸ್ಟೇಷನ್ನಿನಲ್ಲಿ ನಿಲ್ಲಿಸಿದರು. ಬಿದ್ದ ಗೊಂಬೆಯನ್ನು ಎತ್ತಿಕೊಂಡರು.

"ಈಯಮ್ಮ ಯಾವ ಕಡೆ ನೋಡ್ತಾ ನಿಂತಿದ್ದಳು?"

ಷಡಕ್ಷರಿ ಎದ್ದು ಬಂದು ಪ್ಲಾಟ್‌ಫಾರಮ್ಮಿನ ಮೇಲಿನ ಅಂಟಿನ ಗುರುತನ್ನು ನೋಡಿದ. ಗೊಂಬೆಯ ಕೈ ಮೇಲೆತ್ತಿದ್ದನ್ನು ಅವನು ಅಷ್ಟು ದಿನ ಗಮನಿಸಿರಲಿಲ್ಲ.

"ರೈಲು ಬರೋ ಕಡೆಗಲ್ಲ ಬುದ್ಧಿ. ಹೋಗೋ ಕಡೆಗೆ."

"ಹಾಗೇ ನಿಲ್ಲಿಸು."

ನಿಲ್ಲಿಸಿದ. ಗುರು ಕೊನೆಯ ಡಬ್ಬಿಯ ಹಿಂದೆ ತಮ್ಮ ತೋರುಬೆರಳನ್ನಿಟ್ಟರು. ಆದರೆ ತಳ್ಳಲಿಲ್ಲ.

ಆಗ ತಾತ ಮಾತಾಡಿದರು. ಷಡಕ್ಷರಿಯ ಕಡೆ ತಿರುಗಿ, ನೇರವಾಗಿ ಅವನ ಮುಖ ನೋಡಿ ಮಾತಾಡಿದರು.

"ಗಾರ್ಡ್ ಸಾಹೇಬರೇ, ಬಾವುಟ ತೋರಿಸೋದಿಲ್ಲವೇ?"

ಷಡಕ್ಷರಿ ಬಾಯಿ ತೆರೆದ. ನಾನು ಗಾರ್ಡ್ ಅಲ್ಲ ತಾತ, ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವನು ಗುರುವನ್ನು ನೋಡಿದ. ಗುರು ಡಬ್ಬಿಯನ್ನೇ ನೋಡುತ್ತಿದ್ದರು. ಎಡಗೈಯಿಂದ ಎಲೆ ಅಡಿಕೆ ತಟ್ಟೆಯನ್ನು ಅವನ ಕಡೆ ಸರಿಸಿದರು.

ಷಡಕ್ಷರಿ ಒಂದು ಚಿಗುರು ವೀಳ್ಯದೆಲೆ ತೆಗೆದುಕೊಂಡ. ತೊಟ್ಟು ಹಿಡಿದು ಮೇಲೆತ್ತಿ, ಅತ್ತಿತ್ತ ಬೀಸಿದ.

ರೈಲು ಸ್ಟೇಷನ್ನಿನಲ್ಲಿ ನಿಂತಿತ್ತು. ನಿಂತೇ ಇತ್ತು. ನೋಡಿದರೆ, ಎಂಜಿನ್ ಕಲ್ಲಿನ ಗೋಡೆಯನ್ನು ದಾಟಿತ್ತು.

ತಾತ ಕುರ್ಚಿಯ ತೋಳನ್ನು ಬಿಟ್ಟರು. ಬಲಗೈ ಎತ್ತಿದರು. ಗೊಂಬೆಯ ಕೈ ಇದ್ದಷ್ಟೇ ಎತ್ತರಕ್ಕೆ.

ಗುರುವಿನ ಬೆರಳು ಹುಲ್ಲುಗಾವಲು ದಾಟಿತು, ಗುಡ್ಡ ಬಳಸಿತು. ಹಸಿರು ಡಬ್ಬಿಗಳು ಒಂದರ ಹಿಂದೊಂದು ಸುರಂಗದೊಳಗೆ ಹೋದವು. ಆಮೇಲೂ ಬಹಳ ಹೊತ್ತು ತಾತನ ಕೈ ಮೇಲೇ ಇತ್ತು. ಷಡಕ್ಷರಿಯೇ ಅದನ್ನು ಹಿಡಿದು ಮೆಲ್ಲಗೆ ಇಳಿಸಿದ.

ಸಂಜೆ ಹೊಳೆಯ ಮೆಟ್ಟಿಲ ಮೇಲೆ ಗುರು ಕಾಲು ತೊಳೆಯುತ್ತಿದ್ದರು. ಷಡಕ್ಷರಿ ಮೇಲಿನ ಮೆಟ್ಟಿಲಲ್ಲಿ ಕೂತಿದ್ದ.

"ರೈಲಿನ ಗುರುತು ಸಿಕ್ಕಿತು ಬುದ್ಧಿ. ನನ್ನದು ಸಿಗಲಿಲ್ಲ."

"ಹೌದು."

"ಯಾರೋ ಗಾರ್ಡ್ ಅಂದುಕೊಂಡರು."

"ಗಾರ್ಡ್ ಬಾವುಟ ತೋರಿಸದೆ ರೈಲು ಹೊರಡುತ್ತೇನಪ್ಪ?"

ಷಡಕ್ಷರಿ ಎದ್ದು ತಾತನ ಕೋಣೆಗೆ ಹೋದ.

ಆಮೇಲೆ ಅವನು ಕಂಟ್ರೋಲ್ ಪೆಟ್ಟಿಗೆ ಮುಟ್ಟಲಿಲ್ಲ. ಕಿವಿಯಲ್ಲಿ ಹೆಸರು ಕೂಗುವುದನ್ನೂ ಬಿಟ್ಟ. ಹತ್ತಿಯಲ್ಲಿ ನೀರು ಅದ್ದಿ ತಾತನ ತುಟಿ ಒದ್ದೆ ಮಾಡುತ್ತಿದ್ದ. ಮಗ್ಗುಲು ಬದಲಿಸುತ್ತಿದ್ದ. ಮಿಕ್ಕ ಹೊತ್ತು ಕೈ ಹಿಡಿದುಕೊಂಡು ಕೂತಿರುತ್ತಿದ್ದ.

ಒಂದು ಮಧ್ಯಾಹ್ನ ಗುರು ಬಾಗಿಲಲ್ಲಿ ಬಂದು ನಿಂತರು. ಷಡಕ್ಷರಿ ಮಂಚದ ಪಕ್ಕದಲ್ಲಿ ಕೂತಿದ್ದ. ತಾತನ ಕೈ ಅವನ ಕೈಯೊಳಗಿತ್ತು. ಗುರು ತಾತನ ಮುಖ ನೋಡಿದರು. ಒಳಗೆ ಬಂದು, ತೆರೆದಿದ್ದ ಕಣ್ಣುಗಳನ್ನು ಮುಚ್ಚಿದರು.

ಷಡಕ್ಷರಿ ಗುರುವಿನ ಕೈಯನ್ನೂ ತಾತನ ಮುಖವನ್ನೂ ನೋಡಿದ. 

"ಯಾವಾಗ ಹೋದರು?" ಗುರು ಕೇಳಿದರು.

"ಇಲ್ಲೇ ಇದ್ದೆ ಬುದ್ಧಿ. ಎದ್ದೇ ಇಲ್ಲ. ಕೈ ಹಿಡಿದುಕೊಂಡೇ ಕೂತಿದ್ದೆ." ಅವನು ಅಳುತ್ತಿದ್ದ. "ಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ."

ಗುರು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು.

"ಹಾಗಾದರೆ ಕಲಿತೆ ಕಣಯ್ಯ, ರೈಲು ಹೊರಡಿಸೋದನ್ನ."