ಕಂಠದಾನ

"ಅಜ್ಜಾರ, ನಿನ್ನೆ ನನ್ನ ಪ್ರವಚನ ಕೇಳಿ ಮಂದಿ ಬಿಕ್ಕಿ ಬಿಕ್ಕಿ ಅತ್ತರು. ಇನ್ನರ ನನಗ ಆ ಮಠದ ಪೀಠಕ್ಕ ಹೋಗಾಕ ಅಪ್ಪಣಿ ಕೊಡ್ತೀರೇನ್ರಿ?"

ಕೇಳಿದವನು ಶಿಷ್ಯ ಅಡವಯ್ಯ. ಗುರುಗಳಾದ ಅಜ್ಜನವರು ಕೆಲವು ವಾರಗಳಿಂದ ಹಾಸಿಗೆ ಹಿಡಿದಿದ್ದರು. ಭಕ್ತರಿಗೆ ಅವರ ದರ್ಶನವೂ ಇರಲಿಲ್ಲ. ಅವರ ಬದಲು ಅಡವಯ್ಯನೇ ಪ್ರವಚನ ಹೇಳುತ್ತಿದ್ದ. ಅಜ್ಜನವರು ನಿಲ್ಲಿಸುವಲ್ಲಿ ನಿಲ್ಲಿಸುತ್ತಿದ್ದ, ಅವರು ಕೆಮ್ಮುವಲ್ಲಿ ಕೆಮ್ಮುತ್ತಿದ್ದ. ಕಣ್ಣು ಮುಚ್ಚಿದರೆ ಅಜ್ಜನವರೇ ಕೂತಂತೆ ಎಂದು ಜನ ಹೇಳುತ್ತಿದ್ದರು. ಈಗ ಪಕ್ಕದ ತಾಲೂಕಿನ ಮಠದವರು ಅವನನ್ನು ಕರೆಯಲು ಬಂದು ಜಗಲಿಯಲ್ಲಿ ಕೂತಿದ್ದರು. ಅವನ ಜೀವವೆಲ್ಲ ಆ ಪೀಠದ ಮೇಲಿತ್ತು.

ಅಜ್ಜನವರು ಒಂದು ಕತೆ ಹೇಳಿದರು.

ಇಟಲಿ ದೇಶದಲ್ಲಿ ಒಬ್ಬ ನಟನಿದ್ದ. ನಾಟಕದವನು. ರಂಗದ ಮೇಲೆ ರಾಜನ ಪಾತ್ರ, ಮನೆಯಲ್ಲಿ ತಣ್ಣೀರೇ ಗತಿ. ಹೆಂಡತಿ ಎಷ್ಟು ದಿನ ಸುಮ್ಮನಿದ್ದಾಳು? ಬೇರೆ ಕೆಲಸ ಹುಡುಕಲೇಬೇಕಾಯಿತು.

ಆ ದೇಶದಲ್ಲೊಂದು ಪದ್ಧತಿಯುಂಟು. ಪರದೇಶದ ಸಿನಿಮಾ ಬಂದರೆ ಅದರ ಮಾತನ್ನೆಲ್ಲ ತಮ್ಮ ಭಾಷೆಗೆ ತಿರುಗಿಸಿ, ತಮ್ಮ ನಟರಿಂದ ಹೇಳಿಸಿ, ಆಮೇಲೆ ತೋರಿಸುತ್ತಾರೆ. ಪರದೇಶದ ಒಬ್ಬ ನಾಯಕನಿಗೆ ಒಬ್ಬನ ದನಿ ಒಮ್ಮೆ ಒಗ್ಗಿತೆಂದರೆ ಮುಗಿಯಿತು, ಕೊನೆಯವರೆಗೂ ಅದೇ ದನಿ. ನಮ್ಮ ಕಡೆ ಇದಕ್ಕೆ ಕಂಠದಾನ ಎನ್ನುತ್ತಾರೆ. ಹೆಸರಿಟ್ಟವನು ಬಲು ಜಾಣ. ದಾನ ಎಂದ ಮೇಲೆ ವಾಪಸು ಕೇಳುವ ಹಾಗಿಲ್ಲ.

ನಮ್ಮ ನಟನ ಪಾಲಿಗೆ ಬಂದವನು ದೊಡ್ಡ ನಾಯಕ. ಅವನು ತೆರೆಯ ಮೇಲೆ ತುಟಿ ಅಲುಗಿಸುತ್ತಿದ್ದ, ಇವನು ಕತ್ತಲ ಕೋಣೆಯಲ್ಲಿ ನಿಂತು ಆ ತುಟಿಗೆ ಮಾತು ತುಂಬುತ್ತಿದ್ದ. ದೇಶಕ್ಕೆ ದೇಶವೇ ಆ ದನಿಗೆ ಮರುಳಾಯಿತು. ಹೊಟ್ಟೆ ತುಂಬಿತು, ಮನೆಯಾಯಿತು. ಬೀದಿಯಲ್ಲಿ ಮಾತ್ರ ಯಾರೂ ಅವನ ಗುರುತು ಹಿಡಿಯುತ್ತಿರಲಿಲ್ಲ.

ಒಮ್ಮೆ ಅವನಿಗೂ ಸಿನಿಮಾದಲ್ಲಿ ಪಾತ್ರ ಸಿಕ್ಕಿತು. ಹೆಂಡತಿಯನ್ನು ಕರೆದುಕೊಂಡು ಮೊದಲ ಆಟಕ್ಕೆ ಹೋದ. ತೆರೆಯ ಮೇಲೆ ತನ್ನ ಮುಖ ಬಂತು, ಬಾಯಿ ತೆರೆಯಿತು, ಯಾರದೋ ದನಿ ಹೊರಬಿತ್ತು. ಅವನು ಕೂತಲ್ಲಿಂದ ಎದ್ದ. ನೆಟ್ಟಗೆ ನಿರ್ದೇಶಕನ ಬಳಿಗೆ ಹೋದ.

"ನನ್ನ ದನಿ ಎಲ್ಲಿ?"

"ಆ ದನಿ ನಾಯಕನದು ಅಂತ ಊರಿಗೆಲ್ಲ ಗೊತ್ತು. ನಿಮ್ಮ ಬಾಯಲ್ಲಿ ಬಂದರೆ ಜನ ನಗ್ತಾರೆ ಸ್ವಾಮಿ."

ನಟ ಹಲ್ಲುಕಚ್ಚಿ ಸಹಿಸಿಕೊಂಡ. ಆ ನಾಯಕ ಇರುವಷ್ಟು ದಿನ ತಾನೇ, ಆಮೇಲೆ ದನಿ ನನ್ನದೇ ಎಂದು ಲೆಕ್ಕ ಹಾಕಿದ. ಪಾಪದ ಲೆಕ್ಕ, ಆದರೂ ಹಾಕಿದ.

ನಾಯಕ ತೀರಿಕೊಂಡ. ಮರುದಿನ ನಟ ಸಂತೆಗೆ ಹೋಗಿ ಈರುಳ್ಳಿ ಕೇಳಿದ. ಬೆನ್ನು ತಿರುಗಿಸಿ ಕೂತಿದ್ದ ಮಾರುವವಳ ಕೈಯಿಂದ ತಕ್ಕಡಿ ಬಿತ್ತು. ಸತ್ತವನು ಬಂದು ಈರುಳ್ಳಿ ಕೇಳಿದರೆ ಯಾರು ತಾನೆ ಹೆದರುವುದಿಲ್ಲ? ಅವನಿಗೂ ನಗು ಬಂತು. ಹೋಗಲಿ, ರಂಗವಿದೆಯಲ್ಲ, ಅಲ್ಲಿ ಮುಖವೂ ನನ್ನದು ದನಿಯೂ ನನ್ನದು ಎಂದುಕೊಂಡು ಮತ್ತೆ ನಾಟಕ ಕಟ್ಟಿದ. ಅದಕ್ಕೆ ಮನೆಯನ್ನೇ ಮಾರಿದ.

ಪರದೆ ಸರಿಯಿತು. ನಟ ಮುಂದೆ ಬಂದು ಮೊದಲ ಮಾತು ಆಡಿದ. ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಹಸಿದಿದ್ದ ಜೀವ. ಎದೆಯ ಮೇಲೆ ಕೈಯಿಟ್ಟು ಬಾಗಿದ. ಚಪ್ಪಾಳೆ ನಿಲ್ಲಲಿಲ್ಲ. ಎರಡನೆಯ ಮಾತು ಆಡಿದ. ಚಪ್ಪಾಳೆ ಇನ್ನೂ ಜೋರಾಯಿತು. ಮುಂದಿನ ಸಾಲಿನಲ್ಲೊಬ್ಬ ಮುದುಕಿ ಅಳುತ್ತ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

ಅದನ್ನು ನೋಡಿ ನಟನಿಗೆ ಅರ್ಥವಾಯಿತು. ಆ ದೇಶದವರು ಚಪ್ಪಾಳೆ ತಟ್ಟುವುದು ನಾಟಕಕ್ಕಷ್ಟೇ ಅಲ್ಲ. ಮೆಚ್ಚಿನವರ ಹೆಣದ ಪೆಟ್ಟಿಗೆ ಚರ್ಚಿನಿಂದ ಹೊರಗೆ ಬರುವಾಗಲೂ ಜನ ನಿಂತು ಚಪ್ಪಾಳೆ ತಟ್ಟಿ ಕಳಿಸಿಕೊಡುತ್ತಾರೆ. ಪರದೇಶದಲ್ಲಿ ಮಣ್ಣಾದ ನಾಯಕನಿಗೆ ಈ ಜನ ಈಗ ಆ ಮರ್ಯಾದೆ ಮಾಡುತ್ತಿದ್ದರು.

"ನಾನು ಬದುಕಿದ್ದೇನೆ" ಎಂದು ನಟ ಕೂಗಿದ.

ಸತ್ತವನ ದನಿಯಲ್ಲಿ ಆ ಮಾತು ಕೇಳಿದ್ದೇ ತಡ, ಸಭೆಯೆಲ್ಲ ಗೊಳೋ ಎಂದು ಅತ್ತಿತು.

ಅಜ್ಜನವರು ಕತೆ ನಿಲ್ಲಿಸಿ ಗೋಡೆಗೆ ಒರಗಿದರು. ಅಡವಯ್ಯ ಹತ್ತಿರ ಸರಿದು ಕೂತ. ಪೀಠದ ಮಾತು ಅವನ ತಲೆಯಿಂದ ಹಾರಿಯೇ ಹೋಗಿತ್ತು.

"ಆಮ್ಯಾಲ ಅಂವಾ ಏನ್ ಮಾಡಿದ್ರಿ, ಅಜ್ಜಾರ?"

"ಅವಂದು ಇರ್ಲಿ ಬಿಡು, ನಿನ್ನೆ ಅತ್ತ ಮಂದಿಗೆ ಅಜ್ಜ ಇನ್ನೂ ಬದುಕ್ಯಾನ ಅಂತ ಯಾರರ ಹೇಳಿದ್ರೇನು?"

ಅಡವಯ್ಯ ಬಾಯಿ ತೆರೆಯಲು ಹೆದರಿದ.